ನಳ ನಮ್ಮದು, ಕೀಲಿ ಯಾರದು?

ಪ್ರಶ್ನೆ: ಸರ್, ನಮ್ಮ ಓಣಿಯ ಚಹಾ ಅಂಗಡಿಯಲ್ಲಿ ದಿನಾ ಇದೇ ಜಗಳ. ‘ಊರಿನ ನೀರು ಕಂಪನಿಗೆ ಮಾರಿಬಿಟ್ಟಿದ್ದಾರೆ, ಇನ್ನು ಅವರು ಹೇಳಿದ್ದೇ ರೇಟು’ ಅಂತ ಒಬ್ಬರು. ‘ಮಾರಿದರೆ ಮಾರಲಿ ಬಿಡ್ರಿ, 24 ತಾಸು ನೀರು ಬಂದರೆ ಸಾಕು’ ಅಂತ ಇನ್ನೊಬ್ಬರು. ಯಾರ ಮಾತು ಖರೆ?
— ಓದುಗರು, ಬ್ರಹ್ಮಪುರ, ಕಲಬುರಗಿ

ಉತ್ತರ: ಇಬ್ಬರದ್ದೂ ಅರ್ಧರ್ಧ ಖರೆ. ನೀರು ಮಾರಿಲ್ಲ. ಕೊಟ್ಟಿರುವುದು ಗುತ್ತಿಗೆ. ಪೈಪು ಹಾಕಿ, ನೀರು ಬಿಡಿ, ಇಷ್ಟು ವರ್ಷ ನೋಡಿಕೊಳ್ಳಿ, ಅದಕ್ಕೆ ಇಷ್ಟು ದುಡ್ಡು ಅಂತ. ಇದು ನಿನ್ನೆ ಮೊನ್ನೆ ಶುರುವಾದದ್ದೂ ಅಲ್ಲ. ವಿಶ್ವಬ್ಯಾಂಕ್ ಸಾಲದಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಜೊತೆಗೆ ನಮ್ಮ ಕಲಬುರಗಿಯ ಕೆಲವು ಬಡಾವಣೆಗಳಿಗೂ 2008ರ ಹೊತ್ತಿಗೇ ದಿನವಿಡೀ ನೀರು ಬಂತು. ಆಗ ಅದನ್ನು ನಡೆಸಿದ್ದು ಫ್ರಾನ್ಸ್ ಮೂಲದ ವಿಯೋಲಿಯಾ. ಉಳಿದ ಊರು ಮಾತ್ರ ಕೊಡ, ಬ್ಯಾರಲ್ ಸಾಲಾಗಿ ಇಟ್ಟುಕೊಂಡು ಕಾಯುತ್ತಲೇ ಇತ್ತು. ಪಕ್ಕದ ಓಣಿಯ ನಳ ಯಾವಾಗ ತಿರುಗಿಸಿದರೂ ನೀರು ಬರುವಾಗ ನಿಮ್ಮ ಗೆಳೆಯರು ‘ಮಾರಲಿ ಬಿಡ್ರಿ’ ಅಂದರೆ ಅವರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ.

ಖರೆ ಮಾರಾಟ ಅಂದರೆ 1989ರಲ್ಲಿ ಇಂಗ್ಲೆಂಡ್, ವೇಲ್ಸ್‌ನಲ್ಲಿ ಆದದ್ದು. ಅಲ್ಲಿ 10 ನೀರಿನ ಪ್ರಾಧಿಕಾರಗಳನ್ನು ಕಂಪನಿ ಮಾಡಿ ಶೇರು ಸಮೇತ ಮಾರಿಬಿಟ್ಟರು. ಪಕ್ಕದ ಸ್ಕಾಟ್ಲೆಂಡ್ ಮಾರಲಿಲ್ಲ.

ಆದರೆ ‘ಗುತ್ತಿಗೆ ತಾನೇ’ ಅಂತ ಸುಮ್ನೆ ಕೂರಬೇಡಿ. ಮನೆ ನಿಮ್ಮ ಹೆಸರಲ್ಲೇ ಇದೆ, ಬಾಡಿಗೆ ಪತ್ರ ಮಾತ್ರ ನಿಮಗೆ ತೋರಿಸಿಲ್ಲ, ಹಾಗಾದರೆ ಮನೆ ಯಾರದು? ಬೊಲಿವಿಯಾ ದೇಶದ ಕೊಚಬಾಂಬಾ ಊರಿನಲ್ಲೂ ಹೆಸರಿಗೆ ಗುತ್ತಿಗೆಯೇ. 2000ದ ಜನವರಿಯಲ್ಲಿ ಬಿಲ್ಲು ಏರಿತು, ಜನ ಬೀದಿಗೆ ಬಂದರು, ಏಪ್ರಿಲ್‌ನಲ್ಲಿ ಗುತ್ತಿಗೆಯೇ ರದ್ದಾಯಿತು. ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಬರ್ಲಿನ್ ಕಥೆ. 1999ರಲ್ಲಿ ಅಲ್ಲಿ ಜಲಸಂಸ್ಥೆಯ 49.9% ಪಾಲು ಖಾಸಗಿ ಕಂಪನಿಗಳಿಗೆ ಹೋಯಿತು, ಅರ್ಧಕ್ಕಿಂತ ಕಡಿಮೆ ಅಲ್ವಾ, ಆದರೂ ಅವರ ಲಾಭಕ್ಕೆ ಒಪ್ಪಂದದಲ್ಲೇ ಖಾತ್ರಿ ಕೊಟ್ಟಿದ್ದರು, ಆ ಒಪ್ಪಂದವನ್ನು ಜನರಿಂದ ಮುಚ್ಚಿಟ್ಟಿದ್ದರು. ಜನ ಕೇಳಿದ್ದು ‘ಕಂಪನಿ ಓಡಿಸಿ’ ಅಂತಲ್ಲ, ‘ಕಾಗದ ತೋರಿಸಿ’ ಅಂತ. 2011ರಲ್ಲಿ ಅದಕ್ಕೇ ಮತ ಹಾಕಿ ಗೆದ್ದರು. 2013ರ ಹೊತ್ತಿಗೆ ಸರ್ಕಾರ ಆ ಪಾಲನ್ನೆಲ್ಲ ವಾಪಸ್ ಕೊಂಡಿತು.

ನಮಗೆ ಅಷ್ಟು ಕಷ್ಟವಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ಹಾಗಾಗಿ ಪುರಾಣ ಬರೆಯಬೇಡಿ, ನೀರಿನ ಗುತ್ತಿಗೆಯ ಪೂರ್ತಿ ಒಪ್ಪಂದದ ಪ್ರತಿ ಕೊಡಿ ಅಂತಷ್ಟೇ ಕೇಳಿ. ‘ವ್ಯಾಪಾರದ ಗುಟ್ಟು’ ಅಂದರೆ, ಸಾರ್ವಜನಿಕ ಹಿತ ದೊಡ್ಡದಿದ್ದರೆ ಅದನ್ನೂ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ, ಮೇಲ್ಮನವಿ ಹಾಕಿ. ಕೈಗೆ ಬಂದ ಮೇಲೆ ಮೊದಲು ರೇಟು ಏರಿಸುವ ಅಧಿಕಾರ ಯಾರ ಕೈಲಿದೆ ನೋಡಿ. ಆಮೇಲೆ ನೀರು ಬರದ ದಿನಕ್ಕೆ ಕಂಪನಿಗೆ ದಂಡ ಇದೆಯೋ ಇಲ್ಲವೋ, ಸೋರಿಹೋದ ನೀರಿನ ನಷ್ಟ ಯಾರ ತಲೆಗೆ, ನಡುವೆಯೇ ಬಿಟ್ಟುಹೋದರೆ ಏನು. ಚಹಾ ಅಂಗಡಿಗೆ ಆ ಹಾಳೆಗಳನ್ನೇ ಒಯ್ಯಿರಿ. ಜಗಳ ನಿಲ್ಲುವುದಿಲ್ಲ, ಆದರೆ ರುಚಿ ಬರುತ್ತದೆ.

ಪ್ರಶ್ನೆ: ಮೀಟರು ಹಾಕಿದ ಮೇಲೆ ನೀರಿಗಿಂತ ಮುಂಚೆ ಗಾಳಿಗೇ ಬಿಲ್ಲು ಬರುತ್ತದೆ ಅಂತಾರೆ, ಹೌದಾ?
— ಗೃಹಿಣಿ, ಶಹಾಬಾದ್ ರಸ್ತೆ, ಕಲಬುರಗಿ

ಉತ್ತರ: ಸುಳ್ಳಲ್ಲ ಅಕ್ಕಾ. ನೀರು ಬಿಟ್ಟು ಬಿಟ್ಟು ಬರುವ ಕಡೆ ಪೈಪು ಖಾಲಿಯಾಗಿ ಗಾಳಿ ತುಂಬಿಕೊಳ್ಳುತ್ತದೆ. ನೀರು ನುಗ್ಗಿ ಬರುವಾಗ ಮೊದಲು ಆ ಗಾಳಿ ಹೊರಗೆ ಬರುತ್ತದೆ. ನಮ್ಮ ಮನೆಯಲ್ಲಿ ನಾನೇ ಕುಕ್ಕರಗಾಲಲ್ಲಿ ಕೂತು ನೋಡಿದ್ದೇನೆ, ನಳ ಸುಂಯ್ ಅನ್ನುತ್ತಿತ್ತು, ಕೊಡಕ್ಕೆ ಒಂದು ಹನಿ ಬಿದ್ದಿಲ್ಲ, ಮೀಟರಿನ ಪುಟ್ಟ ಚಕ್ರ ಮಾತ್ರ ಜಾತ್ರೆಯ ತೊಟ್ಟಿಲಿನ ಹಾಗೆ ಗಿರಗಿರ ತಿರುಗುತ್ತಿತ್ತು. ದೂರು ಕೊಡಲು ಹೋದರೆ ‘ಮೀಟರು ಸುಳ್ಳು ಹೇಳಲ್ಲ ಸರ್’ ಅಂದರು! 24 ತಾಸೂ ಪೈಪು ತುಂಬಿದ್ದರೆ ಈ ತೊಂದರೆ ಬಹಳ ಕಡಿಮೆ. ಅಲ್ಲಿಯವರೆಗೆ ನಳ ತೆರೆದಿಟ್ಟು ಕಾಯಬೇಡಿ, ಲೈನಿಗೆ ಗಾಳಿ ಬಿಡುವ ವಾಲ್ವ್ ಹಾಕಿ ಅಂತ ಓಣಿಯವರೆಲ್ಲ ಸೇರಿ ಬರೆದುಕೊಡಿ.

ಅನುಮಾನವಿದ್ದರೆ 200 ಲೀಟರಿನ ಬ್ಯಾರಲ್ ಒಂದನ್ನು ತುಂಬಿಸಿ, ಮೀಟರು 0.2 ಕಿಲೋಲೀಟರ್ ಮುಂದೆ ಹೋಗಿರಬೇಕು. ಜಾಸ್ತಿ ಹೋಗಿದ್ದರೆ ತುಂಬುವ ಮುಂಚಿನದು ಒಂದು, ಆಮೇಲಿನದು ಒಂದು, ಎರಡೂ ಫೋಟೋ ತೆಗೆದಿಟ್ಟುಕೊಂಡು ಅರ್ಜಿಗೆ ಹಚ್ಚಿ.