ಚರ್ಚಿನಿಂದ ಇಬ್ಬರು ತಿಂಗಳಿಗೊಮ್ಮೆ ನೆರೆಮನೆಗೆ ಅಕ್ಕಿ ತರುತ್ತಾರೆ. ಅವರು ಯಾರು? ಕ್ರೈಸ್ತರಲ್ಲದ ಒಂದು ಕುಟುಂಬದ ಹೆಸರನ್ನು ಅವರಿಗೆ ಕೊಡಬಹುದೇ?

ನಿಮ್ಮ ಪ್ರಶ್ನೆಯಲ್ಲಿ ಎರಡು ಮನೆಗಳಿವೆ. ಒಂದು, ನಿಮ್ಮ ನೆರೆಯ ಒಬ್ಬಂಟಿ ವೃದ್ಧೆಯ ಮನೆ. ಅಲ್ಲಿಗೆ ಹತ್ತಿರದ ಚರ್ಚಿನಿಂದ ಇಬ್ಬರು ಪ್ರತಿ ತಿಂಗಳು ಬಂದು ಅಕ್ಕಿ, ಮದ್ದು ಕೊಟ್ಟು, ಸ್ವಲ್ಪ ಹೊತ್ತು ಕುಳಿತು ಮಾತನಾಡಿ ಹೋಗುತ್ತಾರೆ ಎಂದು ಬರೆದಿದ್ದೀರಿ. ಇನ್ನೊಂದು, ಅಡಿಕೆ ಮರದಿಂದ ಬಿದ್ದು ಹಾಸಿಗೆ ಹಿಡಿದಿರುವ ಒಬ್ಬರ ಮನೆ. ಅವರ ಹೆಂಡತಿ ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಸಾಕುತ್ತಿದ್ದಾರೆ, ಅವರು ಹಿಂದೂಗಳು, ಅವರ ಹೆಸರನ್ನು ಈ ಚರ್ಚಿನವರಿಗೆ ಹೇಳಿದರೆ ಪ್ರಯೋಜನವಾದೀತೇ, ಸಹಾಯದ ಹಿಂದೆ ಬೇರೆ ಉದ್ದೇಶವೇನಾದರೂ ಇರಬಹುದೇ ಎಂದು ಕೇಳಿದ್ದೀರಿ. ನೀವು ಹೇಳಿರುವ ರೀತಿಯನ್ನು ನೋಡಿದರೆ ಅಕ್ಕಿ ತರುವ ಆ ಇಬ್ಬರು, ಬಡವರ ಮನೆಗೆ ಹೋಗಿ ನೆರವಾಗುವ ಕ್ಯಾಥೊಲಿಕ್ ಸಂಘಟನೆಯಾದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರೇ ಇರಬೇಕು. ದಕ್ಷಿಣ ಕನ್ನಡದ ಒಂದು ಚರ್ಚಿನಲ್ಲಿ ನಾನೂ ಈ ಸಭೆಯ ಸದಸ್ಯನಾಗಿರುವುದರಿಂದ ಧೈರ್ಯವಾಗಿ ಹೇಳುತ್ತೇನೆ: ಹೆಸರು ಖಂಡಿತ ಕೊಡಿ, ಧರ್ಮ ಅಡ್ಡಿಯಾಗುವುದಿಲ್ಲ.

ಈ ಸಭೆ ಹುಟ್ಟಿದ್ದು 1833ರಲ್ಲಿ, ಪ್ಯಾರಿಸ್ ನಗರದಲ್ಲಿ. ಅದರ ಹಿಂದಿನ ವರ್ಷ ಕಾಲರಾ ಆ ನಗರದಲ್ಲಿ ಸುಮಾರು 18 ಸಾವಿರ ಜನರನ್ನು ಬಲಿ ತೆಗೆದುಕೊಂಡಿತ್ತು. ಆಗ ಸೊರ್ಬೊನ್‌ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಿದ್ದ ಫ್ರೆಡೆರಿಕ್ ಒಜನಾಂ ಎಂಬ ತರುಣ ತನ್ನ ಗೆಳೆಯರೊಂದಿಗೆ ಇತಿಹಾಸ, ಧರ್ಮ ಕುರಿತ ಚರ್ಚಾಕೂಟಗಳನ್ನು ನಡೆಸುತ್ತಿದ್ದನು. ನಿಮ್ಮ ಧರ್ಮಸಭೆ ಹಿಂದೆ ಏನೋ ಮಾಡಿರಬಹುದು, ಈಗ ಬಡವರಿಗಾಗಿ ಏನು ಮಾಡುತ್ತಿದೆ ಎಂದು ಎದುರುಪಕ್ಷದವರು ಅಲ್ಲಿ ಕೇಳಿದ ಪ್ರಶ್ನೆಗೆ ವಾದದಿಂದ ಉತ್ತರ ಕೊಡಲು ಸಾಧ್ಯವಿಲ್ಲವೆಂದು ಅವನಿಗೆ ಅನ್ನಿಸಿತು. ಗೆಳೆಯ ಲ ತಯ್ಯಾಂದಿಯೆಯ ಜೊತೆಗೂಡಿ, ತಮ್ಮಲ್ಲಿ ಉಳಿದಿದ್ದ ಸೌದೆಯನ್ನು ಒಂದು ಬಡಮನೆಗೆ ಹೊತ್ತುಕೊಂಡು ಹೋದದ್ದೇ ಈ ಕೆಲಸದ ಆರಂಭ ಎಂದು ನಮ್ಮಲ್ಲಿ ಇಂದಿಗೂ ಹೇಳುತ್ತಾರೆ. 1833ರ ಏಪ್ರಿಲ್ 23ರಂದು, ಒಜನಾಂಗೆ ಇಪ್ಪತ್ತು ತುಂಬಿದ ದಿನ, ಆರು ಮಂದಿ ವಿದ್ಯಾರ್ಥಿಗಳು ಎಮ್ಮಾನುವೆಲ್ ಬಾಯಿ ಎಂಬ ಹಿರಿಯ ಪತ್ರಕರ್ತರ ಅಧ್ಯಕ್ಷತೆಯಲ್ಲಿ ಮೊದಲ ಸಭೆ ಸೇರಿದರು.

ಉತ್ಸಾಹವಿದ್ದರೂ ಬಡವರ ಮನೆಯೊಳಗೆ ಹೇಗೆ ಕಾಲಿಡಬೇಕು, ಏನು ಮಾತನಾಡಬೇಕು ಎಂಬುದು ಆ ಹುಡುಗರಿಗೆ ತಿಳಿದಿರಲಿಲ್ಲ. ಅದನ್ನು ಕಲಿಸಿದವರು ಮೂಫ್‌ತಾರ್ ಎಂಬ ಬಡ ಬಡಾವಣೆಯಲ್ಲಿ ದುಡಿಯುತ್ತಿದ್ದ ಧರ್ಮಭಗಿನಿ ರೊಜಾಲಿ ರಾಂದ್ಯು. ಯಾವ ಮನೆಗೆ ಹೋಗಬೇಕೆಂದು ವಿಳಾಸ ಕೊಟ್ಟವರೂ ಅವರೇ, ಹೋಗುವಾಗ ಕೈಯಲ್ಲಿ ರೊಟ್ಟಿಯ ಮತ್ತು ಕಲ್ಲಿದ್ದಲಿನ ಚೀಟಿಗಳನ್ನು ಇಟ್ಟು ಕಳುಹಿಸಿದವರೂ ಅವರೇ. ಸಂಘಟನೆಯ ಇತಿಹಾಸವೆಂದರೆ ಒಜನಾಂ ಒಬ್ಬರ ಹೆಸರೇ ಮುಂದೆ ಬರುತ್ತದೆ, ಆದರೆ ನಾವು ಇಂದು ಮಾಡುವ ಕೆಲಸದ ಪಾಠಶಾಲೆ ಆ ಭಗಿನಿಯೇ ಎಂದು ನಾನು ಭಾವಿಸುತ್ತೇನೆ.

ಸಭೆಗೆ ಹೆಸರು ಬಂದದ್ದು ಇನ್ನೂ ಹಿಂದಿನ ಕಾಲದ ಸಂತ ವಿನ್ಸೆಂಟರಿಂದ. ಅವರು 1617ರಲ್ಲಿ ಶಾತಿಯ್ಯೋಂ ಎಂಬ ಸಣ್ಣ ಊರಿನಲ್ಲಿ ಧರ್ಮಗುರುವಾಗಿದ್ದಾಗ, ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೋಡಿಕೊಳ್ಳುವವರಿಲ್ಲ ಎಂಬ ಸುದ್ದಿ ಬಂತು. ಭಾನುವಾರದ ಪ್ರವಚನದಲ್ಲಿ ಅವರು ಇದನ್ನು ಹೇಳಿದ್ದೇ ತಡ, ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ತಿಂಡಿತೀರ್ಥ ಹಿಡಿದುಕೊಂಡು ಆ ಮನೆಯ ದಾರಿ ಹಿಡಿದಿತ್ತು. ವಿನ್ಸೆಂಟರಿಗೆ ಅದನ್ನು ಕಂಡು ಸಂತೋಷವಾಯಿತು, ಜೊತೆಗೆ ಚಿಂತೆಯೂ ಆಯಿತು. ಇಷ್ಟೊಂದು ಆಹಾರ ಒಂದೇ ದಿನ ಬಂದರೆ ಉಳಿದದ್ದು ಹಳಸಿಹೋಗುತ್ತದೆ, ನಾಲ್ಕು ದಿನ ಕಳೆದರೆ ಅವರು ಮತ್ತೆ ಹಸಿದಿರುತ್ತಾರೆ. ಯಾರು ಯಾವ ದಿನ ಅಡುಗೆ ಮಾಡಿ ಒಯ್ಯಬೇಕು ಎಂದು ಆ ಊರಿನ ಹೆಂಗಸರನ್ನು ಸೇರಿಸಿ ಅವರು ಸರದಿ ಗೊತ್ತುಮಾಡಿದರು. ನಮ್ಮ ಊರುಗಳಲ್ಲಿಯೂ ಇದೇ ನಡೆಯುತ್ತದೆ. ಕ್ರಿಸ್ಮಸ್ ಹತ್ತಿರ ಬಂದರೆ ಕಂಬಳಿ, ಕೇಕು, ಸೀರೆ ಕೊಡುವವರು ಸಾಲುಗಟ್ಟುತ್ತಾರೆ. ಆಟಿ ತಿಂಗಳ ಜಡಿಮಳೆಯಲ್ಲಿ ಕೂಲಿ ಕೆಲಸ ನಿಂತು ಮನೆಯಲ್ಲಿ ಅಕ್ಕಿ ಮುಗಿದಾಗ ಬಾಗಿಲು ತಟ್ಟುವವರು ಬಹಳ ಕಡಿಮೆ. ಆ ಹೊತ್ತಿಗೂ ತಪ್ಪದೆ ಹೋಗುವುದೇ ನಮ್ಮ ಸಭೆಯ ಮುಖ್ಯ ಕೆಲಸ, ಉಳಿದದ್ದೆಲ್ಲ ಅದರಿಂದ ಬೆಳೆದದ್ದು.

ಕೆಲಸದ ರೀತಿಯನ್ನು ಹೇಳುತ್ತೇನೆ, ಆಗ ನಿಮ್ಮ ಸಂಶಯವೂ ಪರಿಹಾರವಾಗಬಹುದು. ಒಂದು ಚರ್ಚಿನ ವ್ಯಾಪ್ತಿಯಲ್ಲಿರುವ ಸದಸ್ಯರ ಗುಂಪನ್ನು ಕಾನ್ಫರೆನ್ಸ್ ಎನ್ನುತ್ತಾರೆ. ಇದರ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ನಮ್ಮಂಥ ಸಂಸಾರಸ್ಥರು: ಶಿಕ್ಷಕರು, ನಿವೃತ್ತ ಬ್ಯಾಂಕ್ ನೌಕರರು, ಕೃಷಿಕರು, ಗೃಹಿಣಿಯರು. ಧರ್ಮಗುರುಗಳು ಆಧ್ಯಾತ್ಮಿಕ ಸಲಹೆಗಾರರಾಗಿರುತ್ತಾರೆ, ಆಡಳಿತ ಅವರದಲ್ಲ. ಯಾರಿಗೂ ಸಂಬಳವಿಲ್ಲ. ಕಾನ್ಫರೆನ್ಸಿನ ವಾರದ ಸಭೆ ಪ್ರಾರ್ಥನೆಯಿಂದ ಆರಂಭವಾಗುತ್ತದೆ. ಆಮೇಲೆ ಹಿಂದಿನ ವಾರ ಯಾರು ಯಾವ ಮನೆಗೆ ಹೋಗಿದ್ದರು, ಅಲ್ಲಿ ಕಂಡದ್ದೇನು, ಮುಂದೆ ಮಾಡಬೇಕಾದದ್ದೇನು ಎಂಬ ವರದಿಗಳು ಬರುತ್ತವೆ. ಮುಗಿಯುವ ಮುಂಚೆ ಒಂದು ಬಟ್ಟೆಯ ಚೀಲ ಕೈಯಿಂದ ಕೈಗೆ ಹೋಗುತ್ತದೆ. ಪ್ರತಿಯೊಬ್ಬರೂ ಮುಷ್ಟಿಯನ್ನು ಚೀಲದೊಳಗೆ ಇಳಿಸಿ ತೆಗೆಯುತ್ತಾರೆ. ಯಾರು ಎಷ್ಟು ಹಾಕಿದರು, ಹಾಕಲಿಲ್ಲ ಎಂಬುದು ಪಕ್ಕದವರಿಗೂ ಗೊತ್ತಾಗುವುದಿಲ್ಲ. ತಾವೇ ಕಷ್ಟದಲ್ಲಿರುವ ಸದಸ್ಯರೂ ಸಂಕೋಚವಿಲ್ಲದೆ ಸಭೆಗೆ ಬರಲಿ ಎಂಬುದು ಇದರ ಉದ್ದೇಶ. ಇದರ ಜೊತೆಗೆ ಚರ್ಚಿನಲ್ಲಿ ಇಟ್ಟಿರುವ ಡಬ್ಬಿಯ ಕಾಣಿಕೆ, ಮದುವೆ ಅಥವಾ ವರ್ಷಾಂತಿಕದ ನೆನಪಿಗೆ ಕೆಲವರು ಕೊಡುವ ಹಣ ಸೇರುತ್ತದೆ. ಆಸ್ಟ್ರೇಲಿಯ, ಐರ್ಲೆಂಡ್ ಮುಂತಾದ ದೇಶಗಳ ಕಾನ್ಫರೆನ್ಸುಗಳು ಭಾರತದ ಕೆಲವು ಕಾನ್ಫರೆನ್ಸುಗಳ ಜೊತೆ ಜೋಡಿಯಾಗಿ ನೆರವು ಕಳುಹಿಸುವ ಪದ್ಧತಿಯೂ ಉಂಟು. ಅಂಥ ಹಣ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ಒಳಪಡುತ್ತದೆ. 2020ರ ತಿದ್ದುಪಡಿಯ ಬಳಿಕ ಅದು ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಅದಕ್ಕೆ ಪೂರ್ತಿ ಲೆಕ್ಕ ಒಪ್ಪಿಸಬೇಕು. ತಿಂಗಳ ಅಕ್ಕಿಯ ಮಟ್ಟಿಗೆ ಹೇಳುವುದಾದರೆ, ನಾನು ಕಂಡಂತೆ ಅದು ಊರವರ ಹಣದಿಂದಲೇ ನಡೆಯುತ್ತದೆ.

ಮನೆಭೇಟಿಗೆ ಯಾವಾಗಲೂ ಇಬ್ಬರು ಹೋಗುತ್ತೇವೆ. ಹೋದ ಕೂಡಲೇ ಸಾಮಾನಿನ ಚೀಲವನ್ನು ಕೊಟ್ಟು ಹೊರಡುವುದಿಲ್ಲ, ಕುಳಿತು ಕಷ್ಟಸುಖ ವಿಚಾರಿಸುತ್ತೇವೆ. ಕೊಡುವಾಗ ಫೋಟೊ ತೆಗೆಯುವುದಿಲ್ಲ, ಆ ಮನೆಯ ವಿಷಯವನ್ನು ಸಭೆಯ ಹೊರಗೆ ಆಡುವುದಿಲ್ಲ. ಒಂದು ಮನೆಗೆ ಏನು ಬೇಕು ಎಂಬುದು ಪಟ್ಟಿಯಿಂದ ತಿಳಿಯುವುದಿಲ್ಲ ಎಂಬುದನ್ನು ನಾನು ಕಲಿತದ್ದು ಹೀಗೆ ಕುಳಿತಾಗಲೇ. ನಮ್ಮ ಕಡೆಯ ಹಿರಿಯರಿಗೆ ಕುಚ್ಚಲಕ್ಕಿಯ ಗಂಜಿಯೇ ಊಟ. ಬೆಳ್ತಿಗೆ ಅಕ್ಕಿ ಕೊಟ್ಟರೆ ಬೇಡವೆನ್ನದೆ ತೆಗೆದುಕೊಳ್ಳುತ್ತಾರೆ, ಆದರೆ ಅದನ್ನು ಉಣ್ಣುವುದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಇದ್ದರೂ ಒಬ್ಬರು ಅರ್ಧ ಮುರಿದು ನುಂಗುತ್ತಿದ್ದರೆ, ತಿಂಗಳ ಕೊನೆಯವರೆಗೆ ಬರಬೇಕೆಂಬ ಲೆಕ್ಕಾಚಾರ ಅದರ ಹಿಂದೆ ಇರುತ್ತದೆ. ಅದನ್ನು ಅವರಾಗಿ ಹೇಳುವುದಿಲ್ಲ, ಮಾತಿನ ನಡುವೆ ಹೊರಬರುತ್ತದೆ.

ಬೀಡಿ ಕಟ್ಟುವವರ ಮನೆಯ ಒಂದು ಸಂಗತಿಯನ್ನು ವಿವರವಾಗಿ ಹೇಳಬೇಕು, ಏಕೆಂದರೆ ನೀವು ಬರೆದಿರುವ ಮನೆಗೂ ಅದು ಅನ್ವಯಿಸಬಹುದು. ಒಬ್ಬ ತಾಯಿಗೆ ಆದ್ಯತಾ ಪಡಿತರ ಚೀಟಿ ಇತ್ತು, ಹಾಗಿದ್ದೂ ಅಕ್ಕಿ ಸಿಗುತ್ತಿರಲಿಲ್ಲ. ಮೊದಲ ಭೇಟಿಯಲ್ಲಿ ಅವರು ಕಾರಣ ಹೇಳಲಿಲ್ಲ. ಮತ್ತೊಮ್ಮೆ ಹೋದಾಗ ಅವರು ಮಡಿಲಲ್ಲಿ ಗೆರಸೆ ಇಟ್ಟುಕೊಂಡು, ಕತ್ತರಿಸಿದ ಎಲೆಯಲ್ಲಿ ಹೊಗೆಸೊಪ್ಪಿನ ಹುಡಿ ಹಾಕಿ ಸುರುಳಿ ಸುತ್ತುತ್ತ ಮಾತನಾಡುತ್ತಿದ್ದರು. ಹೆಬ್ಬೆರಳು, ತೋರುಬೆರಳುಗಳ ತುದಿ ಸವೆದು ನುಣುಪಾಗಿ, ಗೆರೆಗಳೇ ಕಾಣದಂತಾಗಿತ್ತು. ನ್ಯಾಯಬೆಲೆ ಅಂಗಡಿಯ ಯಂತ್ರ ಅವರ ಬೆರಳನ್ನು ಗುರುತಿಸದೆ ಇದ್ದುದರಿಂದ, ಸಾಲಿನಲ್ಲಿ ಎಲ್ಲರೆದುರು ಮತ್ತೆ ಮತ್ತೆ ಬೆರಳೊತ್ತಿ ಹಿಂತಿರುಗಲು ನಾಚಿಕೆಯಾಗಿ ಹೋಗುವುದನ್ನೇ ಬಿಟ್ಟಿದ್ದರು. ನಮ್ಮಲ್ಲಿ ಒಬ್ಬರು ಅವರ ಜೊತೆ ಹೋಗಿ, ಬೇರೆ ಬೆರಳುಗಳನ್ನು ಪ್ರಯತ್ನಿಸಿ, ಮೊಬೈಲ್ ಸಂಖ್ಯೆ ಜೋಡಿಸಿ ಒಟಿಪಿ ಮೂಲಕ ಪಡಿತರ ಸಿಗುವಂತೆ ಮಾಡಿದರು. ನಾವು ಪ್ರತಿ ತಿಂಗಳು ಒಯ್ಯುವ ಅಕ್ಕಿಗಿಂತ ಈ ಕೆಲಸ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ. ವಿಧವಾ ವೇತನ, ಸಂಧ್ಯಾ ಸುರಕ್ಷಾ, ಗೃಹಲಕ್ಷ್ಮಿ ಹಣಗಳೂ ಹೀಗೆಯೇ: ಮಂಜೂರಾಗಿದ್ದರೂ ಆಧಾರ್ ಜೋಡಣೆ ಅಥವಾ ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ಆಧಾರ್ ಮೂಲಕ ಗುರುತಿಸುವ ದಾಖಲೆ) ಆಗದೆ ಖಾತೆಗೆ ಬರದೆ ನಿಂತಿರುತ್ತವೆ. ಅಕ್ಷರ ಬಾರದ, ಬಸ್ಸಿಗೆ ಹಣವಿಲ್ಲದ ವೃದ್ಧೆಗೆ ತಾಲೂಕು ಕಚೇರಿ ಬಹಳ ದೂರ.

ದಾನದಿಂದ ಬಡತನ ಹೋಗುವುದಿಲ್ಲ ಎಂಬ ಆಕ್ಷೇಪವನ್ನು ನಮ್ಮ ಮುಂದೆ ಹಲವರು ಇಡುತ್ತಾರೆ, ಅದು ಸರಿಯಾದ ಮಾತು. ಒಜನಾಂ ಸ್ವತಃ ಇದನ್ನು ಬಲ್ಲವನಾಗಿದ್ದನು. ಅವನು ಬೆಳೆದ ಲಿಯೋಂ ನಗರದಲ್ಲಿ ರೇಷ್ಮೆ ನೇಕಾರರು 1831ರಲ್ಲಿಯೂ 1834ರಲ್ಲಿಯೂ ಕೂಲಿಗಾಗಿ ದಂಗೆ ಎದ್ದಿದ್ದರು. ಮುಂದೆ ಅದೇ ನಗರದಲ್ಲಿ ವಾಣಿಜ್ಯ ಕಾನೂನು ಬೋಧಿಸುವಾಗ, ಯಜಮಾನನು ಕೆಲಸಗಾರನನ್ನು ಜೊತೆಗಾರನೆಂದು ಕಾಣದೆ ಬರೀ ಉಪಕರಣವೆಂದು ಕಂಡು ಅತಿ ಕಡಿಮೆ ಕೂಲಿಗೆ ದುಡಿಸುವುದೇ ಶೋಷಣೆ ಎಂದು ಅವನು ವಿವರಿಸಿದನು. ನ್ಯಾಯದ ಕೂಲಿ, ಸರ್ಕಾರದ ಯೋಜನೆ, ಸಂಘಟನೆ ಇವೆಲ್ಲ ಬೇಕೇ ಬೇಕು. ಆದರೆ ಅವು ಬರುವವರೆಗೆ ಇಂದಿನ ರಾತ್ರಿಯ ಗಂಜಿ ಕಾಯಲಾರದು, ಮತ್ತು ಬಂದ ಯೋಜನೆಯೂ ಕೊನೆಯ ಮನೆಯನ್ನು ತಲುಪಬೇಕಾದರೆ ಆ ಮನೆಯ ಪರಿಚಯವಿರುವ ಯಾರಾದರೂ ಬೇಕು.

ಇನ್ನು ಮತಾಂತರದ ಪ್ರಶ್ನೆ. ಧರ್ಮ, ಜನಾಂಗ, ಸಾಮಾಜಿಕ ಹಿನ್ನೆಲೆ ನೋಡದೆ ನೆರವಾಗಬೇಕೆಂಬುದು ಸಭೆಯ ನಿಯಮಾವಳಿಯಲ್ಲೇ ಇದೆ. ನಮ್ಮ ಪ್ರಾರ್ಥನೆ ನಮ್ಮ ಸಭೆಯ ಕೋಣೆಯಲ್ಲಿ ನಡೆಯುತ್ತದೆ. ಬೇರೆ ಧರ್ಮದವರ ಮನೆಯಲ್ಲಿ ನಾವು ಪ್ರವಚನ ಮಾಡುವುದಿಲ್ಲ, ಧರ್ಮಗ್ರಂಥ ಹಂಚುವುದಿಲ್ಲ, ಚರ್ಚಿಗೆ ಬನ್ನಿ ಎಂದು ಕರೆಯುವುದಿಲ್ಲ. ನಾನು ಈ ಕೆಲಸ ಮಾಡುವುದು ನನ್ನ ನಂಬಿಕೆಯ ಕಾರಣದಿಂದ, ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಹಸಿದವನಿಗೆ ಕೊಟ್ಟದ್ದು ನನಗೇ ಕೊಟ್ಟಂತೆ ಎಂದು ಯೇಸು ಹೇಳಿದ ಮಾತಿನಲ್ಲಿ ಹಸಿದವನು ಯಾವ ಧರ್ಮದವನು ಎಂಬ ವಿಚಾರಣೆಯಿಲ್ಲ. ಅನ್ನಕ್ಕೆ ಷರತ್ತು ಹಾಕುವವರು ಎಲ್ಲಿಯಾದರೂ ಕಂಡುಬಂದರೆ ಅದನ್ನು ತಪ್ಪೆಂದು ಹೇಳಲು ನಾನೂ ನಿಮ್ಮ ಜೊತೆ ನಿಲ್ಲುತ್ತೇನೆ.

ನೀವು ಮಾಡಬೇಕಾದದ್ದು ಇಷ್ಟು. ಮೊದಲು ಆ ದಂಪತಿಯ ಒಪ್ಪಿಗೆ ಕೇಳಿ. ತಮ್ಮ ಕಷ್ಟವನ್ನು ಬೇರೆಯವರಿಗೆ ಹೇಳುವುದು ಬಿಡುವುದು ಅವರ ಹಕ್ಕು. ಅವರು ಒಪ್ಪಿದರೆ ಚರ್ಚಿನ ಕಚೇರಿಯಲ್ಲಿ, ಇಲ್ಲವೇ ಆ ವಾರ್ಡಿನ ಕ್ರೈಸ್ತ ಕುಟುಂಬಗಳ ಮುಖಂಡರಾದ ಗುರಿಕಾರರಲ್ಲಿ ವಿಚಾರಿಸಿ, ಸಭೆಯ ಅಧ್ಯಕ್ಷರನ್ನು ಕಾಣಿ. ನೆರೆಯ ವೃದ್ಧೆಯ ಮನೆಗೆ ಬರುವ ಆ ಇಬ್ಬರಿಗೇ ಹೇಳಿದರೂ ಸಾಕು. ಮನೆಯ ಸ್ಥಿತಿಯನ್ನು ಹೇಳುವಾಗ ಕೆಲವು ವಿಷಯಗಳನ್ನು ಮರೆಯಬೇಡಿ. ಹಾಸಿಗೆ ಹಿಡಿದವರ ಬೆನ್ನಿನಲ್ಲಿ ಹುಣ್ಣಾಗಿದೆಯೇ ಎಂಬುದು ಬಹಳ ಮುಖ್ಯ, ಏಕೆಂದರೆ ಆಗ ಅಕ್ಕಿಗಿಂತ ಮೊದಲು ನೀರಿನ ಹಾಸಿಗೆ ಮತ್ತು ನರ್ಸೊಬ್ಬರ ಭೇಟಿ ಬೇಕಾಗುತ್ತದೆ. ಇದು ವಾರದ ಸಭೆಯವರೆಗೆ ಕಾಯುವ ವಿಷಯವಲ್ಲ, ಅಧ್ಯಕ್ಷರು ಕೂಡಲೇ ವ್ಯವಸ್ಥೆ ಮಾಡಬಲ್ಲರು. ಅವರಿಗೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಆಗಿದೆಯೇ ಎಂದು ಕೇಳಿಕೊಳ್ಳಿ, ಅಂಗವಿಕಲ ವೇತನಕ್ಕೆ ಅದು ಬೇಕು. ಆ ತಾಯಿಯ ಬಳಿ ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದ್ದರೆ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಸಂಘದ ಅಥವಾ ಮೈಕ್ರೋಫೈನಾನ್ಸಿನ ವಾರದ ಕಂತು ಇದೆಯೇ ಎಂಬುದನ್ನು ಅವರು ನಿಮ್ಮಲ್ಲಿ ಹೇಳಲಿಕ್ಕಿಲ್ಲ, ನೀವು ಒತ್ತಾಯಿಸಬೇಡಿ. ನಾಲ್ಕಾರು ಭೇಟಿಗಳಾದ ಮೇಲೆ ಅವರೇ ಹೇಳುತ್ತಾರೆ.

ಸಾಲ ತೀರಿಸುವ ಶಕ್ತಿ ನಮ್ಮಂಥ ಸಣ್ಣ ಕಾನ್ಫರೆನ್ಸಿಗೆ ಇಲ್ಲ, ಮನೆ ಕಟ್ಟಿಸುವುದೂ ಅಪರೂಪಕ್ಕೊಮ್ಮೆ ಮಾತ್ರ, ಅದೂ ಹಲವರು ಕೈಜೋಡಿಸಿದಾಗ. ಇದನ್ನು ಆ ಕುಟುಂಬಕ್ಕೆ ಮೊದಲೇ ತಿಳಿಸಿದರೆ ಒಳ್ಳೆಯದು. ಮಾಡಿನ ಹಂಚು ಒಡೆದು ಸೋರುವ ಸ್ಥಿತಿಯಲ್ಲಿದ್ದರೆ ಅದನ್ನೂ ಈಗಲೇ ಹೇಳಿ, ಟಾರ್ಪಾಲು ಹೊದಿಸುವ ಕೆಲಸವನ್ನು ಮೇ ತಿಂಗಳು ಮುಗಿಯುವುದರೊಳಗೆ ಮಾಡಿಸಬೇಕಾಗುತ್ತದೆ.