ಗದ್ದೆ ಕಾಯೋಕೆ ಒಂಟಿ ನಳಿಗೆಯೋ, ರೈಫಲ್ಲೋ?

ಸೈನ್ಯದಲ್ಲಿ ಕೋವಿ ರಿಪೇರಿ ಮಾಡುವ ಆರ್ಮರರ್ ಆಗಿ ಕೆಲಸ ಮಾಡಿ ಬಂದವನು ನಾನು. ಈಗ ಮೈಸೂರಿನಲ್ಲಿ ಕೋವಿ ರಿಪೇರಿ ಬೆಂಚಿನ ಮುಂದೆ ಕೂರುತ್ತೇನೆ. ಕಬ್ಬು ಆಳೆತ್ತರ ಆಯಿತು ಅಂದರೆ ಪತ್ರಗಳು ಹೆಚ್ಚಾಗುತ್ತವೆ. ಹಂದಿ ಗದ್ದೆಗೆ ಇಳಿದ ಮೇಲೇ ನಮ್ಮವರಿಗೆ ಅಟ್ಟದ ಕೋವಿ ನೆನಪಾಗೋದು. ಈ ಸಲ ನಾಲ್ಕು ಪತ್ರಗಳಿಗೆ ಉತ್ತರ.

ಪ್ರಶ್ನೆ: ಮಳವಳ್ಳಿ ತಾಲ್ಲೂಕಿನ ನಾಲೆ ಬಯಲಿನಲ್ಲಿ ನಮಗೆ ಮೂರು ಎಕರೆ ಕಬ್ಬು, ಒಂದೂವರೆ ಎಕರೆ ಭತ್ತ ಇದೆ. ಹಂದಿ ಕಾಟ ತಡೆಯೋಕಾಗ್ತಿಲ್ಲ. ಬೆಳೆ ರಕ್ಷಣೆಗೆ ಲೈಸೆನ್ಸ್ ಸಿಗುವ ಹಂತದಲ್ಲಿದೆ. 315 ರೈಫಲ್ ತಗೊಂಡರೆ ಜೀವಮಾನಕ್ಕೆ ಸಾಕು ಅಂತ ಅಂಗಡಿಯವರು, ಒಂಟಿ ನಳಿಗೆಯೇ ಸಾಕು ಅಂತ ನಮ್ಮಪ್ಪ. ಮಳೆ, ಕೆಸರು, ರಾತ್ರಿ ಕಾವಲು ಎಲ್ಲಕ್ಕೂ ತಡೆಯೋದು ಯಾವುದು ಸಾರ್?

ಉತ್ತರ: ನಿಮ್ಮ ತಂದೆಯವರ ಮಾತು ಕೇಳಿ. 12 ಬೋರಿನ ಒಂಟಿ ನಳಿಗೆಗೇ, ಅಂದರೆ ಚರೆ ಹಾರಿಸುವ ಒಂದೇ ನಳಿಗೆಯ ಕೋವಿಗೇ ಅರ್ಜಿಯಲ್ಲಿ ಬರೆಸಿ, ಯಾಕೆಂದರೆ ಲೈಸೆನ್ಸಿನಲ್ಲಿ ಕೋವಿಯ ಬಗೆಯೂ ನಮೂದಾಗಿರುತ್ತೆ. ಅಂಗಡಿಯವರು ಸುಳ್ಳು ಹೇಳಿಲ್ಲ. 315 ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ. ಆದರೆ ನಿಮ್ಮ ನೆಲ ಅದಕ್ಕೆ ಒಗ್ಗಲ್ಲ.

ನಾಲೆ ಬಯಲು ಅಂದರೆ ಚಪ್ಪಟೆ ಭೂಮಿ. ಗುಂಡು ಹೋಗಿ ಹೂತುಕೊಳ್ಳೋಕೆ ಹಿಂದೆ ಒಂದು ದಿಬ್ಬ ಇರಲ್ಲ. ಕಬ್ಬಿನ ಆಚೆ ಯಾರಿದ್ದಾರೆ ಅಂತ ಹಗಲಲ್ಲೇ ಕಾಣಲ್ಲ. ರಾತ್ರಿ ತ್ರೀ ಫೇಸ್ ಕರೆಂಟ್ ಬಂತು ಅಂದರೆ ಪಕ್ಕದ ಗದ್ದೆಯವರು ಒಂದು ಗಂಟೆಗೋ ಎರಡು ಗಂಟೆಗೋ ಮೋಟಾರ್ ಹಾಕೋಕೆ ಎದ್ದು ಬಂದಿರುತ್ತಾರೆ. ಮಕ್ಕಳ ಆಟಿಕೆಯಂತೆ ಕಾಣುವ ಪಾಯಿಂಟ್ 22 ಗುಂಡೇ ಒಂದೂವರೆ ಕಿಲೋಮೀಟರ್ ಹೋಗಬಲ್ಲದು. 315 ಗುಂಡು ಅದನ್ನೂ ಮೀರಿ ಬಹಳ ದೂರ ಹೋಗುತ್ತೆ. 12 ಬೋರಿನ ಆರನೇ ನಂಬರ್ ಚರೆ 250 ಮೀಟರಿನೊಳಗೇ ನೆಲಕ್ಕೆ ಉದುರುತ್ತೆ. ಎಲ್‌ಜಿ ತೋಟಾದ ದಪ್ಪ ಚರೆ ಮಾತ್ರ ಅರ್ಧ ಕಿಲೋಮೀಟರ್ ದಾಟಬಹುದು, ಆ ಎಚ್ಚರ ಇರಲಿ.

ಇನ್ನೊಂದು ವಿಷಯ. ಬೆಳೆ ಕಾಯೋ ಕೋವಿ ಹತ್ತರಲ್ಲಿ ಒಂಬತ್ತು ಸಲ ಮಾಡೋದು ಬರೀ ಸದ್ದು. ನಿಮ್ಮದೇ ಖಾಲಿ ಗದ್ದೆಯ ಕಡೆಗೆ ಸಣ್ಣ ಚರೆಯ ಒಂದು ಈಡು ಬಿಟ್ಟರೆ ಹಂದಿಗುಂಪು ಕದಲುತ್ತೆ. ರೈಫಲ್ಲಿನಲ್ಲಿ ಸುಮ್ಮನೆ ಹೆದರಿಸೋ ಈಡು ಅನ್ನೋದೇ ಇಲ್ಲ. ಮೇಲಕ್ಕೆ ಹಾರಿಸಿದ ಗುಂಡು ಯಾರ ಹೆಂಚಿನ ಮೇಲೋ, ಯಾರ ತಲೆಯ ಮೇಲೋ ಇಳಿಯಲೇಬೇಕು.

ಹಂದಿಯನ್ನು ಹೊಡೆದು ಕೆಡವಲು ಕೋವಿ ಲೈಸೆನ್ಸ್ ಸಾಲದು. ಕಾಡುಹಂದಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಯಲ್ಲಿದೆ, ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಅನುಮತಿ ಪಡೆದು ಹೊಡೆದರೂ ಸತ್ತ ಪ್ರಾಣಿ ಸರ್ಕಾರದ ಆಸ್ತಿ. ಮನೆಗೆ ತಂದು ಪಾಲು ಹಾಕುವಂತಿಲ್ಲ. ಲೈಸೆನ್ಸಿನಲ್ಲಿ ಹೆಸರಿಲ್ಲದ ಕಾವಲುಗಾರನ ಕೈಗೆ ಕೋವಿ ಕೊಡುವಂತೆಯೂ ಇಲ್ಲ.

ಇನ್ನು ಕೆಸರಿನ ಮಾತು. ಒಂದು ಸಲ ಮದ್ದೂರು ಕಡೆಯವರೊಬ್ಬರು ಗೋಣಿಚೀಲ ಬಿಚ್ಚಿ ಕೋವಿಯೊಂದನ್ನು ಬೆಂಚಿನ ಮೇಲಿಟ್ಟರು. ನಳಿಗೆಯ ತುದಿ ಬಾಳೆಯ ಹೂವಿನ ಹಾಗೆ ಬಿರಿದಿತ್ತು. ರಾತ್ರಿ ಬದುವಿನ ಮೇಲೆ ಕಾಲು ಜಾರಿದೆ, ಕೋವಿ ಮೂತಿ ಗದ್ದೆಗೆ ಊರಿದೆ, ಒರೆಸಿಕೊಂಡು ಎದ್ದು ಹಾಗೇ ಈಡು ಹೊಡೆದಿದ್ದಾರೆ. ಎರಡು ಬೆರಳಷ್ಟು ಕೆಸರು ಸಾಕು, ಉಕ್ಕು ಹರಿಯೋಕೆ. ಅವರ ಎಡಗೈ ಉಳಿದದ್ದು ಪುಣ್ಯ. ಒಂಟಿ ನಳಿಗೆಯನ್ನು ನಾನು ಮೆಚ್ಚೋದು ಇದಕ್ಕೇ. ಮಡಿಸಿ, ತೋಟಾ ತೆಗೆದು, ಒಂದು ಕಣ್ಣು ಮುಚ್ಚಿ ಆಕಾಶದ ಕಡೆ ನೋಡಿದರೆ ಒಳಗಿನದೆಲ್ಲ ಕಾಣುತ್ತೆ. ಕತ್ತಲಲ್ಲಾದರೆ ಹಿಂದಿನಿಂದ ಟಾರ್ಚ್ ಬಿಡಿ. ಮನೆ ಮೂಲೆಯಲ್ಲಿ ತಿಂಗಳುಗಟ್ಟಲೆ ನಿಂತ ಕೋವಿಯನ್ನೂ ಹೀಗೆ ನೋಡದೆ ಮುಟ್ಟಬೇಡಿ. ಕುಂಬಾರ ಹುಳಕ್ಕೆ ನಳಿಗೆಯಷ್ಟು ಇಷ್ಟವಾದ ತೂತು ಇನ್ನೊಂದಿಲ್ಲ, ಒಳಗೆ ಮಣ್ಣಿನ ಗೂಡು ಕಟ್ಟಿ ಮೊಟ್ಟೆ ಇಟ್ಟಿರುತ್ತೆ.

ಹಳೇ ಕೋವಿ ಕೊಳ್ಳುವುದಾದರೆ ತೋಟಾ ಕೂರುವ ಮನೆಯ ಉದ್ದ ಅಳೆಸಿ. ಹಳೆಯವು ಬಹಳಷ್ಟು 65 ಮಿಲಿಮೀಟರ್, ಈಗಿನ ತೋಟಾ 70 ಮಿಲಿಮೀಟರ್. ತೋಟಾ ಒಳಗೆ ಸಲೀಸಾಗಿ ಕೂರುತ್ತೆ, ಮೋಸ ಇರೋದೇ ಅಲ್ಲಿ. ಸಿಡಿದಾಗ ಅದರ ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಸಾಲದೆ ಒತ್ತಡ ಏರುತ್ತೆ. ನಳಿಗೆಯ ಮೈಮೇಲೆ ಹಾವಿನ ಪೊರೆಯಂಥ ಸುತ್ತು ಗೆರೆ ಕಂಡರೆ ಅದು ಕಬ್ಬಿಣದ ಪಟ್ಟಿ ಸುತ್ತಿ ಬೆಸೆದ ಕಾಲದ್ದು. ಗೋಡೆಗೆ ಚೆಂದ, ಈಗಿನ ತೋಟಾಕ್ಕೆ ಬೇಡ.

ಪ್ರಶ್ನೆ: ಎಚ್.ಡಿ. ಕೋಟೆ ಕಡೆಯವಳು. ನಮ್ಮ ಮಾವನವರ 315 ರೈಫಲ್ ಈಗ ನನ್ನ ಲೈಸೆನ್ಸಿಗೆ ಬಂದಿದೆ. ಚಳಿಗಾಲದ ಬೆಳಗ್ಗೆ ತೋಟಾ ಒಳಗೆ ತಳ್ಳೋ ಬೋಲ್ಟ್ ಬಿಗಿಯಾಗುತ್ತೆ, ಕೆಲವು ಸಲ ಟಿಕ್ ಅಂತ ಸದ್ದಾಗಿ ಗುಂಡು ಹಾರಲ್ಲ. ಮಧ್ಯಾಹ್ನ ಸರಿಯಾಗಿರುತ್ತೆ. ಪ್ರತಿ ತಿಂಗಳು ಶುದ್ಧ ಕೊಬ್ಬರಿ ಎಣ್ಣೆ ಹಾಕ್ತೀನಿ.

ಉತ್ತರ: ತಾಯಿ, ರೋಗ ನಿಮ್ಮ ಕೊನೇ ವಾಕ್ಯದಲ್ಲೇ ಇದೆ. ಡಿಸೆಂಬರ್ ಬೆಳಗ್ಗೆ ನಿಮ್ಮ ಬಚ್ಚಲಿನ ಎಣ್ಣೆ ಬಾಟಲಿ ನೋಡಿ, ಬೆಳ್ಳಗೆ ಹೆಪ್ಪುಗಟ್ಟಿರುತ್ತೆ. 24 ಡಿಗ್ರಿ ಆಸುಪಾಸಿನಲ್ಲೇ ಗಟ್ಟಿಯಾಗುವ ಎಣ್ಣೆ ಅದು. ಬೋಲ್ಟಿನ ಒಳಗೆ ಸ್ಟ್ರೈಕರ್ ಅಂತ ಒಂದು ಕಡ್ಡಿ, ಅದರ ಸುತ್ತ ಸ್ಪ್ರಿಂಗ್ ಇದೆ. ಬೆಣ್ಣೆಯಲ್ಲಿ ಸಿಕ್ಕ ಕಡ್ಡಿ ತೋಟಾದ ಹಿಂಭಾಗಕ್ಕೆ ಜೋರಾಗಿ ಬಡಿಯಲಾರದು. ಮಧ್ಯಾಹ್ನ ಎಣ್ಣೆ ಕರಗುತ್ತೆ, ರೈಫಲ್ ಸರಿಹೋಯಿತು ಅನ್ನಿಸುತ್ತೆ. ಹರಳೆಣ್ಣೆಯೂ ಬೇಡ, ದಿನ ಕಳೆದಂತೆ ಅಂಟಾಗಿ ಕೂರುತ್ತೆ.

ಬೋಲ್ಟ್ ಬಿಚ್ಚಿಸಿ ಡೀಸೆಲ್ಲಿನಲ್ಲಿ ತೊಳೆಸಿ, ಒಣಬಟ್ಟೆಯಲ್ಲಿ ಒರೆಸಿ, ಹೊಲಿಗೆ ಮಿಷಿನ್ನಿಗೆ ಬಿಡುವ ಎಣ್ಣೆ ಒಂದೇ ತೊಟ್ಟು ಬಿಡಿ. ಎರಡನೇ ತೊಟ್ಟು ಧೂಳು ಹಿಡಿಯೋಕೆ. ನಳಿಗೆಗೆ ಪುಲ್‌ಥ್ರೂ ದಾರದಲ್ಲಿ ಚಿಂದಿ ಕಟ್ಟಿ ಹಿಂದಿನಿಂದ ಮುಂದಕ್ಕೆ ಎಳೆಯಿರಿ. ಹಳೇ ದಾಸ್ತಾನಿನ ತೋಟಾ ಬಳಸಿದ್ದರೆ ಮೊದಲು ಕುದಿಯೋ ನೀರು ಹಾಯಿಸಿ. ತೋಟಾದ ಹಿಂಭಾಗದ ಹಳೇ ಕ್ಯಾಪಿನ ಮದ್ದು ಸುಟ್ಟಾಗ ಉಪ್ಪು ಉಳಿಯುತ್ತೆ. ಉಪ್ಪು ನೀರಿಗೆ ಕರಗುತ್ತೆ, ಎಣ್ಣೆಗೆ ಕರಗಲ್ಲ. ಎಣ್ಣೆ ಬಳಿದು ಮುಚ್ಚಿಟ್ಟರೆ ಅದರಡಿಯಲ್ಲೇ ತುಕ್ಕು ಬೆಳೆಯುತ್ತೆ. ಹಿಡಿ ಮರಕ್ಕೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆ ಅಂಗೈಯಲ್ಲಿ ತಿಕ್ಕಿ.

ಆಯುಧಪೂಜೆಯ ದಿನ ಹಚ್ಚಿದ ಒದ್ದೆ ವಿಭೂತಿ, ಕುಂಕುಮವನ್ನು ಸಂಜೆಯೇ ಒರೆಸಿಬಿಡಿ, ದೇವರು ಬೇಜಾರು ಮಾಡ್ಕೊಳ್ಳಲ್ಲ. ವಿಜಯದಶಮಿ ಕಳೆದ ವಾರ ನನ್ನ ಬೆಂಚಿಗೆ ಬರುವ ಕೋವಿಗಳ ಮೈಮೇಲೆ ಮೂರು ಬೆರಳಿನ ತುಕ್ಕಿನ ನಾಮ ಎದ್ದು ಕಾಣುತ್ತೆ.

ಟಿಕ್ ಅಂದಾಗ ಕೂಡಲೇ ಬೋಲ್ಟ್ ಎಳೆಯಬೇಡಿ. ಮೂತಿಯನ್ನು ಯಾರೂ ಇಲ್ಲದ ಕಡೆ ಹಿಡಿದು ಅರ್ಧ ನಿಮಿಷ ಕಾಯಿರಿ. ತಡವಾಗಿ ಸಿಡಿಯುವ ತೋಟಾ ಅಪರೂಪ, ಆದರೆ ಉಂಟು.

ಪ್ರಶ್ನೆ: ಮೈಸೂರು ಕುವೆಂಪುನಗರದಿಂದ. ಅಮೆರಿಕ, ಕೆನಡಾದಲ್ಲಿ ರೈತರು ಜೀಪಿನಲ್ಲೇ ಒಂದು ರೈಫಲ್ ಇಟ್ಟುಕೊಂಡು ಓಡಾಡೋದನ್ನು ವಿಡಿಯೋದಲ್ಲಿ ನೋಡಿದೆ. ಅಂಥ ಒರಟು ಕೆಲಸಕ್ಕೆ ನಿಮ್ಮ ಮೆಚ್ಚಿನ ರೈಫಲ್ ಯಾವುದು? ನಾನೂ ಹುಣಸೂರಿನ ತೋಟಕ್ಕೆ ಹೋಗುವಾಗ ಜೀಪಿನಲ್ಲಿ ಇಟ್ಟುಕೊಳ್ಳಬಹುದೇ?

ಉತ್ತರ: ಮೆಚ್ಚಿನ ಮಾತು ಮೊದಲು. ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1894ರಲ್ಲಿ ಬಂತು, 70 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಪಕ್ಕ ಚಪ್ಪಟೆ, ತೂಕ ಕಮ್ಮಿ, ಕುದುರೆಯ ಜೀನಿಗೂ ಜೀಪಿನ ಸೀಟಿಗೂ ಹೊಂದುತ್ತೆ. ಅಲ್ಲಿನ ರೈತರ ಮನೆಗಳಲ್ಲಿ 1964ರಿಂದ ಬರುತ್ತಿರುವ ರೂಗರ್ ಕಂಪನಿಯ ಪಾಯಿಂಟ್ 22 ಕೂಡ ಮಾಮೂಲು. ನನ್ನ ಮನಸ್ಸು ಮಾತ್ರ ಬ್ರಿಟಿಷ್ ಸೈನ್ಯದ ಹಳೇ ರೈಫಲ್ ಲೀ ಎನ್‌ಫೀಲ್ಡ್ ಮೇಲೆ. ಕೆನಡಾದ ಹಿಮದಲ್ಲಿ ಗಸ್ತು ತಿರುಗೋ ಕೆನಡಿಯನ್ ರೇಂಜರ್ಸ್ ಪಡೆ 1947ರಲ್ಲಿ ಶುರುವಾಯಿತು. ಅವರು ಸುಮಾರು 70 ವರ್ಷ ಹಿಡಿದದ್ದು ಇದೇ ರೈಫಲ್ಲನ್ನು. ಇತ್ತೀಚೆಗಷ್ಟೇ ಫಿನ್ಲೆಂಡಿನ ಟಿಕ್ಕಾ ಮಾದರಿಯ ಸಿ 19ಕ್ಕೆ ಬದಲಾದರು. ಲೀ ಎನ್‌ಫೀಲ್ಡಿನ ಬೋಲ್ಟು ಗೂಡಿನೊಳಗೆ ಒಂಚೂರು ಸಡಿಲ, ಮರಳೋ ಮಂಜೋ ನುಗ್ಗಿದರೂ ಕಚ್ಚಿಕೊಳ್ಳಲ್ಲ. ಬೋಲ್ಟನ್ನು ಬಿಗಿಯಾಗಿ ಹಿಡಿದು ಬೀಗ ಬೀಳೋ ಕಿವಿಗಳು ಹಿಂದುಗಡೆ ಇವೆ. ಅದರಿಂದ ತೋಟಾದ ಮನೆಯ ಹತ್ತಿರ ಕೊಳೆ ಕೂರೋ ಸಂದಿಗೊಂದಿ ಕಮ್ಮಿ.

ಇಶಾಪುರದ ಕಾರ್ಖಾನೆಯ ನಮ್ಮ 315 ರೈಫಲ್ಲಿನ ಬೋಲ್ಟು ಅದೇ ವಂಶದ್ದು. ತೋಟಾ ಮಾತ್ರ ಆಸ್ಟ್ರಿಯಾದ ಹಳೇ ಮ್ಯಾನ್ಲಿಕರ್ ರೈಫಲ್ಲಿನದು. ಸೈನ್ಯದ 303 ತೋಟಾ ಕದ್ದು ಮಾರುವವರು ಹೆಚ್ಚಾಗಬಾರದು ಅಂತ ಬ್ರಿಟಿಷರು ಆ ಅಳತೆಯನ್ನು ಜನಸಾಮಾನ್ಯರಿಗೆ ಮುಚ್ಚಿದರು. ಬೇಟೆಗಾರರು ಈ 8 ಮಿಲಿಮೀಟರಿನ, ಅಂದರೆ 315ರ ಕಡೆ ತಿರುಗಿದರು. ಬ್ರಿಟಿಷ್ ಸಾಮ್ರಾಜ್ಯವೇ ಹೋಯಿತು, ತೋಟಾ ನಮ್ಮಲ್ಲೇ ಉಳಿಯಿತು.

ಜೀಪಿನ ವಿಷಯಕ್ಕೆ ಬರೋಣ. ಲೈಸೆನ್ಸ್ ಜೊತೆಯಲ್ಲಿರಬೇಕು, ತೋಟಾ ತೆಗೆದಿರಬೇಕು, ಕೋವಿ ಚೀಲದೊಳಗೆ ಇರಬೇಕು. ತೋಟಕ್ಕೆ ಒಯ್ಯುವುದು ಬೇರೆ, ಜೀಪಿನಲ್ಲೇ ಬಿಟ್ಟು ಹೋಟೆಲಿಗೆ ಹೋಗುವುದು ಬೇರೆ. ಕಳುವಾದರೆ ಮೊದಲ ಪ್ರಶ್ನೆ ಕಳ್ಳನಿಗಲ್ಲ, ನಿಮಗೇ ಬರೋದು. ಹುಣಸೂರಿನಿಂದ ಮುಂದೆ ನಾಗರಹೊಳೆ ಕಾಡಿನ ರಸ್ತೆಗೆ ಅದನ್ನು ಒಯ್ಯುವ ಯೋಚನೆ ಬಿಡಿ. ಕೊಡಗಿನ ಸ್ನೇಹಿತರು ಲೈಸೆನ್ಸ್ ಇಲ್ಲದೆ ಇಟ್ಟುಕೊಂಡಿದ್ದಾರಲ್ಲ ಅಂತಲೂ ಪತ್ರದ ಕೊನೆಗೆ ಕೇಳಿದ್ದೀರಿ. ಆ ವಿನಾಯಿತಿ ಕೊಡವರಿಗೂ, ಕೊಡಗಿನ ವಂಶಪಾರಂಪರ್ಯ ಜಮೀನಾದ ಜಮ್ಮಾ ಹಿಡುವಳಿದಾರರಿಗೂ ಮಾತ್ರ, ಸದ್ಯ 2029ರವರೆಗೆ. ಸ್ನೇಹದ ಲೆಕ್ಕದಲ್ಲಿ ಅದು ನಿಮಗೆ ದಾಟಿ ಬರಲ್ಲ.

ಪ್ರಶ್ನೆ: ಕೆ.ಆರ್. ಪೇಟೆಯಿಂದ. ಚುನಾವಣೆ ಸಮಯದಲ್ಲಿ ಠಾಣೆಗೆ ಒಪ್ಪಿಸಿದ ಜೋಡಿ ನಳಿಗೆ ಕೋವಿ ಎರಡು ತಿಂಗಳ ಮೇಲೆ ಕೈಗೆ ಬಂದಾಗ ಕೆಂಪು ಹತ್ತಿತ್ತು. ಯಾರನ್ನು ಕೇಳೋದು?

ಉತ್ತರ: ಕೇಳಿ ಪ್ರಯೋಜನ ಕಮ್ಮಿ, ಮುಂದಿನ ಸಲಕ್ಕೆ ಸಿದ್ಧವಾಗಿ. ಒಪ್ಪಿಸುವ ಹಿಂದಿನ ದಿನ ನಳಿಗೆಯ ಒಳಗೂ ಹೊರಗೂ ತೆಳ್ಳಗೆ ಗ್ರೀಸ್ ಬಳಿಯಿರಿ. ಬೆರಳಚ್ಚಿನ ಬೆವರು ಸಹ ಅದರಡಿ ಉಳಿಯಬಾರದು, ಮೊದಲೇ ಚೆನ್ನಾಗಿ ಒರೆಸಿ. ಚರ್ಮದ ಚೀಲದಲ್ಲಿ ಕೊಡಬೇಡಿ, ಅದು ತೇವ ಹೀರಿ ಉಕ್ಕಿನ ಮೈಗೇ ಅಂಟಿಸುತ್ತೆ. ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿದರೆ ಸಾಕು. ರಸೀದಿಯಲ್ಲಿ ಕೋವಿಯ ನಂಬರಿನ ಜೊತೆ ಅದರ ಸ್ಥಿತಿಯನ್ನೂ ಬರೆಸಿ, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಈಗ ಹತ್ತಿರುವ ಕೆಂಪನ್ನು ಮರಳು ಕಾಗದದಿಂದ ಉಜ್ಜಬೇಡಿ, ನಳಿಗೆಯ ಕಪ್ಪು ಬಣ್ಣವೂ ಹೋಗುತ್ತೆ. ಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಒರಟು ಗೋಣಿ ಬಟ್ಟೆಯಲ್ಲಿ ತಿಕ್ಕಿ. ಮುಂದಿನ ಸಲ ಕೋವಿ ವಾಪಸ್ ಬಂದ ದಿನವೇ ಗ್ರೀಸ್ ಪೂರ್ತಿ ತೆಗೆಯಿರಿ. ಗ್ರೀಸ್ ತುಂಬಿದ ನಳಿಗೆಯಲ್ಲಿ ಈಡು ಹೊಡೆದರೆ ಅದೂ ಕೆಸರು ತುಂಬಿದ ಹಾಗೆಯೇ.