ಲಂಗ ತೊಟ್ಟ ಹುಡುಗ, ಬರಿಗಾಲಿನ ಸಾಲು

ಶಿವಮೊಗ್ಗದ ಓದುಗರೊಬ್ಬರ ಪತ್ರ: "ಐರ್ಲೆಂಡಿನ ಡಬ್ಲಿನ್‌ನಲ್ಲಿ ಮಗಳ ಮನೆಗೆ ಹೋಗಿದ್ದೆ. ಮೊಮ್ಮಗಳಿಗೆ ಶಾಲೆಯಲ್ಲಿ ಚೌಕಳಿ ಲಂಗ, ಸ್ವೆಟರ್, ಟೈ. ಅಲ್ಲೇ ಒಂದು ಹಳೇ ಶಾಲೆಯ ಫೋಟೋ ನೋಡಿದೆ. ಮುಂದಿನ ಸಾಲಿನ ಮಕ್ಕಳೆಲ್ಲ ಬರಿಗಾಲು. ಒಬ್ಬ ಹುಡುಗನಂತೂ ಲಂಗ ತೊಟ್ಟಿದ್ದ! ಅಷ್ಟೊಂದು ಬಡತನವಿತ್ತಾ?"

ಬಡತನ ಇತ್ತಮ್ಮ, ಇಲ್ಲ ಅನ್ನೋದಿಲ್ಲ. ಆದರೆ ಆ ಫೋಟೋವನ್ನು ಪೂರ್ತಿ ಅದರ ಲೆಕ್ಕಕ್ಕೇ ಬರೆಯಬೇಡಿ.

ಮೊದಲು ಲಂಗದ ಹುಡುಗ. ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ, ಅದರಲ್ಲೂ ಅರಾನ್ ದ್ವೀಪಗಳಲ್ಲಿ, 20ನೇ ಶತಮಾನ ಶುರುವಾದ ಮೇಲೂ ಗಂಡುಮಕ್ಕಳು ಹತ್ತು ಹನ್ನೆರಡು ವರ್ಷದವರೆಗೆ ಉಣ್ಣೆಯ ಲಂಗದಲ್ಲೇ ಓಡಾಡುತ್ತಿದ್ದರು. ಯಕ್ಷಿಣಿಯರು ಗಂಡುಮಕ್ಕಳನ್ನು ಕದ್ದೊಯ್ಯುತ್ತಾರೆ, ಲಂಗ ಇದ್ದರೆ ಹುಡುಗಿ ಅಂದುಕೊಂಡು ಬಿಟ್ಟುಹೋಗುತ್ತಾರೆ ಅನ್ನುವುದು ಅಲ್ಲಿನವರ ಮಾತು. ನಮ್ಮ ದೃಷ್ಟಿಬೊಟ್ಟು ಇದ್ದ ಹಾಗೆ ಅನ್ನಿ. ನನಗೇನೋ ಬೇರೆ ಕಾರಣವೂ ಕಾಣುತ್ತದೆ. ಮನೆಯಲ್ಲೇ ನೂತ ನೂಲಿನ ದಪ್ಪ ಬಟ್ಟೆಯಲ್ಲಿ ಚಡ್ಡಿಗಿಂತ ಲಂಗ ಹೊಲಿಯುವುದು ಸುಲಭ. ಹುಡುಗ ಬೆಳೆದರೆ ಅಂಚು ಬಿಚ್ಚಿದರಾಯಿತು. ಅಕ್ಕನದು ತಮ್ಮನಿಗೂ ಆಗುತ್ತದೆ, ಅಲ್ವಾ?

ಆ ದ್ವೀಪಗಳ ಕಾಲ್ಮೆಟ್ಟಿಗೆ ಪಾಂಪೂಟಿ ಅಂತ ಹೆಸರು. ಹದ ಮಾಡದ ದನದ ತೊಗಲಿನ ತುಂಡು, ಕೂದಲು ಹೊರಮುಖ, ಮೇಲೆ ದಾರದ ಕಟ್ಟು. ಒಣಗಿದರೆ ಸೆಟೆದುಕೊಳ್ಳುತ್ತದೆ. ಅದಕ್ಕೇ ರಾತ್ರಿ ನೀರಲ್ಲಿ ಹಾಕಿಡುತ್ತಿದ್ದರು, ಕಡಲೆ ನೆನೆಹಾಕಿದ ಹಾಗೆ!

ಇನ್ನು ಬರಿಗಾಲು. ಹಳ್ಳಿಗಳಲ್ಲಿ ಮೇ ತಿಂಗಳು ಬಂದರೆ ಸಾಕು, ಬೂಟು ಬಿಸಾಕಲು ಮಕ್ಕಳು ಕಾಯುತ್ತಿದ್ದರು. ಚಳಿ ಬಿದ್ದ ಮೇಲೆ ಮತ್ತೆ ಬೂಟು. ಆಗ ಶಾಲೆಯ ಬೆಂಕಿಗೆ ಅಂತ ಪ್ರತಿ ಮಗುವೂ ಕಂಕುಳಲ್ಲಿ ಒಂದೊಂದು ಒಣ ಪೀಟ್ ಹೆಂಟೆ (ಜೌಗು ನೆಲದಿಂದ ಅಗೆದು ಒಣಗಿಸಿ ಸೌದೆಯಂತೆ ಉರಿಸುವ ಮಣ್ಣು) ಹೊತ್ತು ತರಬೇಕಿತ್ತು. 1937ರಿಂದ 39ರವರೆಗೆ ಅಲ್ಲಿನ ಜಾನಪದ ಆಯೋಗ ಶಾಲಾ ಮಕ್ಕಳ ಕೈಲೇ ಊರ ಹಿರಿಯರ ಮಾತು ಬರೆಸಿತು. ಕೊಟ್ಟ ವಿಷಯಗಳಲ್ಲಿ 'ಪಾದದ ಆರೈಕೆ'ಯೂ ಒಂದು. ದೊಡ್ಡವರಾಗುವವರೆಗೆ ನಾವು ಬೂಟು ಮೆಟ್ಟಿದವರೇ ಅಲ್ಲ ಅಂತ ಹಿರಿಯರು ಹೇಳಿದ್ದು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ.

ಡಬ್ಲಿನ್ ಗಲ್ಲಿಗಳ ಬರಿಗಾಲು ಮಾತ್ರ ಅಪ್ಪಟ ಬಡತನ. ಅಲ್ಲಿ ಸಂಜೆ ಪತ್ರಿಕೆಯೊಂದು ಚಂದಾ ಎತ್ತಿ ಮಕ್ಕಳಿಗೆ ಬೂಟು ಹಂಚುತ್ತಿತ್ತು. ಮನೆಯವರು ಗಿರವಿ ಇಡಬಾರದು ಅಂತ ಅದಕ್ಕೆ ಮುದ್ರೆ ಒತ್ತುತ್ತಿದ್ದರಂತೆ.

ನಿಮ್ಮ ಮೊಮ್ಮಗಳ ಯೂನಿಫಾರ್ಮ್ ಬಗ್ಗೆ ಹೇಳುವುದು ಜಾಸ್ತಿಯಿಲ್ಲ. ಮೊದಮೊದಲು ಅದು ಫೀಸು ಕಟ್ಟುವ ಮನೆಗಳ ಗುರುತಾಗಿತ್ತು. 1966ರಲ್ಲಿ ಶಿಕ್ಷಣ ಮಂತ್ರಿ ಡೊನಾ ಓಮ್ಯಾಲಿ, ಹಣಕಾಸು ಮಂತ್ರಿಗೂ ಮುಂಚೆ ತಿಳಿಸದೆ, ಪತ್ರಕರ್ತರ ಸಭೆಯಲ್ಲಿ 'ಹೈಸ್ಕೂಲ್ ಉಚಿತ' ಅಂದುಬಿಟ್ಟರು. ಮರುವರ್ಷ ಜಾರಿಗೂ ಬಂತು. ಫೀಸು ಹೋಯಿತು, ಬಟ್ಟೆಯ ಖರ್ಚು ಮಾತ್ರ ಮನೆಯವರ ತಲೆಮೇಲೆ ಹಾಗೇ ಉಳಿಯಿತು. 1990ರಲ್ಲಿ ಸರ್ಕಾರ ಬಡ ಮನೆಗಳಿಗೆ ಶಾಲೆಯ ಬಟ್ಟೆ, ಶೂಗೆಂದೇ ಭತ್ಯೆ ಶುರುಮಾಡಬೇಕಾಯಿತು.

ಮುಂದಿನ ಸಲ ಹೋದಾಗ ಆ ಫೋಟೋ ಇನ್ನೊಮ್ಮೆ ನೋಡಿ. ಹುಡುಗನ ಪಕ್ಕ ಅಕ್ಕನೂ ನಿಂತಿದ್ದರೆ, ಇಬ್ಬರದೂ ಒಂದೇ ಬಟ್ಟೆಯಾ ಅಂತ ಬರೆದು ತಿಳಿಸಿ.